ಹಾರಿಹೋದ ಮೂರು ಕೂದಲು

ಅಗಲಿದವರ ಕೂದಲನ್ನು ಗಾಜಿನಂಥ ಅಂಟಿನಲ್ಲಿ ಮುಳುಗಿಸಿ ನೆನಪಿನ ಪದಕ ಮಾಡುವ ವಿದ್ಯೆಯನ್ನು ಟೈಲರಕ್ಕ ಮೂರೇ ವಾರದಲ್ಲಿ ಕಲಿತುಬಿಟ್ಟಳು. ಅಷ್ಟರಲ್ಲಿ ಕೆಡಿಸಿದ ಪದಕಗಳನ್ನು ಪೇರಿಸಿದ್ದರೆ ಚಂದ್ರನಿಗೆ ಏಣಿಯಾಗುತ್ತಿತ್ತು. ಅಭ್ಯಾಸಕ್ಕೆಂದು ಕೂದಲು ಕತ್ತರಿಸಿ ಕತ್ತರಿಸಿ ಮನೆಯ ಬೆಕ್ಕು ಅರ್ಧ ಬೋಳಾಗಿತ್ತು.

ಕೊನೆಗೂ ಮೊದಲ ಗಿರಾಕಿ ಬಂದರು, ನಿವೃತ್ತ ಟೀಚರಮ್ಮ. ತೀರಿಕೊಂಡ ಗಂಡನ ಮೂರು ಕಪ್ಪು ಕೂದಲನ್ನು ಕಾಗದದಲ್ಲಿ ಮಡಚಿ ಕೊಟ್ಟುಹೋದರು. ಟೈಲರಕ್ಕ ಉಸಿರು ಬಿಗಿಹಿಡಿದು ಪೊಟ್ಟಣ ಬಿಚ್ಚಿದಳು. ಆಗಲೇ ಬಂತು ನೋಡಿ ಸೀನು! ಬೀದಿಯ ಕಿಟಕಿಗಳೆಲ್ಲ ಅದುರಿದವು. ಕೂದಲು ಮಾಯ.

ನಾದಿನಿಯೂ ಸೇರಿ ನೆಲವನ್ನೆಲ್ಲ ತಡಕಿದ್ದಾಯಿತು.

“ನನ್ನ ತಲೇಲಿ ಬೇಕಾದಷ್ಟಿದೆ, ಮೂರು ಕಿತ್ಕೋ ಅತ್ತಿಗೆ. ಯಾರಿಗೆ ಗೊತ್ತಾಗುತ್ತೆ?” ಎಂದಳು ನಾದಿನಿ.

“ನಿನ್ನ ಕೂದಲನ್ನ ಗಂಡ ಅಂದ್ಕೊಂಡು ಅವರು ಕತ್ತಿಗೆ ಹಾಕ್ಕೋಬೇಕಾ? ಹೋಗೇ!”

ವ್ಯಾಪಾರ ಶುರುವಾಗುವ ಮೊದಲೇ ಮುಗಿಯಿತೆಂದುಕೊಂಡು, ಟೈಲರಕ್ಕ ಟೀಚರಮ್ಮನ ಮನೆಗೆ ಹೋಗಿ ಒಂದೇ ಉಸಿರಿಗೆ ನಿಜ ಒದರಿದಳು.

ಟೀಚರಮ್ಮ ಒಳಗಿನಿಂದ ಒಂದು ಡಬ್ಬ ತಂದು ಮುಚ್ಚಳ ತೆಗೆದರು. ಇಡೀ ತಲೆಯ ಕೂದಲು ಬೈತಲೆ ತೆಗೆದುಕೊಂಡು ಠೀವಿಯಿಂದ ಕುಳಿತಿತ್ತು.

“ವಿಗ್ಗು ಕಣಮ್ಮ. ಮೂವತ್ತು ವರ್ಷ ದಿನಾ ಬೆಳಗ್ಗೆ ನಾನೇ ಬಾಚಿ ಕೊಡ್ತಿದ್ದೆ. ನಮ್ಮಿಬ್ಬರಿಗೇ ಗೊತ್ತಿದ್ದ ಗುಟ್ಟು ಇದು. ನಿಜ ಹೇಳೋಳು ಗುಟ್ಟೂ ಕಾಯ್ತೀಯ, ಅಲ್ವಾ? ತಗೋ, ಬೇಕಾದಷ್ಟು ಸೀನು!”

ಮರುದಿನ ಟೈಲರಕ್ಕ ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಮೂಗಿಗೆ ಸಿಕ್ಕಿಸಿಕೊಂಡು ಕೆಲಸಕ್ಕೆ ಕುಳಿತಳು. “ಕೂದಲು ಎಲ್ಲಿ ಸಿಕ್ತು?” ಎಂದು ನಾದಿನಿ ಸಾವಿರ ಸಲ ಪೀಡಿಸಿದಳು.

“ಸಿಕ್ತು,” ಎಂದಳು ಟೈಲರಕ್ಕ, ಮೂಗಿನಲ್ಲೇ.