ಲೇಖಕರು ಮಾತಾಡುವಂತಿಲ್ಲ

“ಸರಳಾ ಸತ್ತಿದ್ದೇ ಒಳ್ಳೇದಾಯ್ತು ಕಣ್ರೀ,” ಎಂದರು ಲಕ್ಷ್ಮೀನರಸಿಂಹಯ್ಯ, ಪುಸ್ತಕವನ್ನು ತೊಡೆಯ ಮೇಲೆ ಬೋರಲು ಹಾಕಿ. “ಬದುಕಿದ್ದಿದ್ರೆ ಕಥೆ ಕೆಟ್ಟೋಗ್ತಿತ್ತು. ಆ ಕೆರೆ ಸೀನ್ ಇದೆಯಲ್ಲ, ಇಡೀ ಕಾದಂಬ್ರಿನ ಎತ್ತಿ ನಿಲ್ಸೋದೇ ಅದು.”

ಹಾಲಿನಲ್ಲಿ ಕೂತಿದ್ದ ಹತ್ತು ಹನ್ನೆರಡು ತಲೆಗಳು ಹೌದೌದೆಂದು ಅಲ್ಲಾಡಿದವು. ಅಡುಗೆಮನೆಯ ಬಾಗಿಲಲ್ಲಿ ನೀರಿನ ಜಗ್ಗು ಹಿಡಿದು ನಿಂತಿದ್ದ ಪ್ರೇಮಲತಾಳಿಗೆ ನಗು ಬಂತು. ಅದು ಒಳ್ಳೆಯ ನಗುವಲ್ಲ. ಕೆರೆಗೆ ಬೀಳದೆ ಬದುಕಿ ಉಳಿದು, ಬೆಳಗ್ಗೆಯಿಂದ ಇಷ್ಟೂ ಜನರ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಿದವಳು ಅವಳೇ.

ತುಮಕೂರಿನ ಉಪ್ಪಾರಹಳ್ಳಿಯ ಈ ಮನೆ ಅವಳ ಅಣ್ಣ ಕೃಷ್ಣಕುಮಾರ್ ಅವರದು. ತಿಂಗಳಿಗೊಂದು ಭಾನುವಾರ ಇಲ್ಲಿ ಓದುಗರ ಕೂಟ ಸೇರುತ್ತದೆ. ಆ ತಿಂಗಳು ಓದಿ ಮುಗಿಸಿದ ಪುಸ್ತಕದ ಬಗ್ಗೆ ಒಬ್ಬೊಬ್ಬರೂ ಸರದಿಯಂತೆ ಹೇಳಬೇಕು. ಈ ಸಲ ಎಲ್ಲರೂ ಒಂದೇ ಪುಸ್ತಕ ಓದಿಕೊಂಡು ಬಂದಿದ್ದರು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದ ಕೃಷ್ಣಕುಮಾರ್ ಬರೆದ ಮೊದಲ ಕಾದಂಬರಿ, ‘ತೂಬಿನ ಬಳಿ’.

ಕೂಟಕ್ಕೆ ಎರಡು ನಿಯಮಗಳಿದ್ದವು, ಎರಡನ್ನೂ ಮಾಡಿದವರು ಕೃಷ್ಣಕುಮಾರ್ ಅವರೇ. ಒಂದು, ಪುಸ್ತಕ ಓದಿದವರು ಯಾರೇ ಇದ್ದರೂ ಸರದಿ ತಪ್ಪಿಸುವಂತಿಲ್ಲ. ಇನ್ನೊಂದು, ಬರೆದವರು ಎದುರಿಗೇ ಕೂತಿದ್ದರೆ ಕೊನೆಯವರು ಹೇಳಿ ಮುಗಿಸುವ ತನಕ ಅವರು ತುಟಿ ಬಿಚ್ಚುವಂತಿಲ್ಲ. ಹಿಂದೆ ಊರಿನ ಕವಿಗಳು ಟೀಕೆ ಕೇಳಿದ ಕೂಡಲೇ ಜಗಳಕ್ಕೆ ಬೀಳುತ್ತಿದ್ದರಂತೆ, ಅವರ ಬಾಯಿ ಮುಚ್ಚಿಸಲು ಮಾಡಿದ್ದು. ಇವತ್ತು ಅದೇ ನಿಯಮ ತಲೆ ತಗ್ಗಿಸಿ ವಿನಯದಿಂದ ಹೊಗಳಿಸಿಕೊಳ್ಳಲು ಬಹಳ ಅನುಕೂಲವಾಗಿತ್ತು.

ಪುಸ್ತಕದ ಒಂದು ಪ್ರತಿಯನ್ನು ಅವರು ಪ್ರೇಮಲತಾಳಿಗೂ ಕಳಿಸಿದ್ದರು. ಹೆಬ್ಬೂರಿನ ಅಂಗನವಾಡಿಯಲ್ಲಿ ಟೀಚರಾಗಿರುವ ಅವಳು ಮಧ್ಯಾಹ್ನ ಮಕ್ಕಳು ಮಲಗಿದ ಹೊತ್ತಿನಲ್ಲಿ ಓದಿ ಮುಗಿಸಿದ್ದಳು. ‘ನೋವು ನುಂಗಿಕೊಂಡ ಎಲ್ಲ ತಂಗಿಯರಿಗೆ’ ಎಂದು ಅರ್ಪಣೆ. ಗುಬ್ಬಿಗೆ ಕೊಟ್ಟ ಸರಳಾ, ಕುಡಿದು ಬಡಿಯುವ ಗಂಡ, ಕಂಕುಳಲ್ಲಿ ಹೆಣ್ಣುಮಗು. ಸರಳಾ ಒಂದು ಸಂಜೆ ಕುಣಿಗಲ್ಲಿನ ತವರಿಗೆ ಬರುತ್ತಾಳೆ, ಅಣ್ಣ ಮಾಧವನ ಜೊತೆ ನಗುನಗುತ್ತಾ ಉಣ್ಣುತ್ತಾಳೆ, ಒಂದು ಮಾತೂ ಹೇಳದೆ ಬೆಳಗಾಗುವ ಮೊದಲೇ ದೊಡ್ಡಕೆರೆಯ ತೂಬಿನ ಬಳಿ ಹಾರಿಕೊಳ್ಳುತ್ತಾಳೆ. ಆಮೇಲಿನ ಅರ್ಧ ಪುಸ್ತಕದ ತುಂಬ ಮಾಧವ ಏರಿಯ ಮೇಲೆ ಕೂತು ಅಳುತ್ತಾನೆ.

ಗುಬ್ಬಿ, ಗಂಡ, ಏಟು, ಮಗು ಎಲ್ಲವೂ ಪ್ರೇಮಲತಾಳದೇ. ಆ ಒಂದು ಸಂಜೆ ಮಾತ್ರ ಸುಳ್ಳು. ಆ ಸಂಜೆ ಅವಳು ಅಣ್ಣನಿಗೆ ಎಲ್ಲವನ್ನೂ ಹೇಳಿದ್ದಳು, ಅಣ್ಣ ಮರುದಿನ ಅವಳನ್ನು ವಾಪಸ್ಸು ಕರೆದೊಯ್ದು ಅದೇ ಗಂಡನ ಮನೆಗೆ ಬಿಟ್ಟು ಬಂದಿದ್ದರು. ಗಂಡ ಕುಡಿದು ಕುಡಿದು ಸಾಯುವ ತನಕ ಅವಳು ಅಲ್ಲೇ ಇದ್ದಳು. ಪುಸ್ತಕ ಮುಚ್ಚಿದಾಗ ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಬಿಟ್ಟು ಬಂದದ್ದನ್ನಾದರೂ ಕ್ಷಮಿಸಬಹುದಿತ್ತು. ಅವಳನ್ನು ಮೂಗಿ ಮಾಡಿ, ಸಾಯಿಸಿ, ಏರಿಯ ಮೇಲೆ ಕೂತು ಅತ್ತದ್ದನ್ನು ಹೇಗೆ ಕ್ಷಮಿಸುವುದು?

“ಅಲ್ಯಾಕೆ ನಿಂತ್ಕೋತೀಯ ಪ್ರೇಮಾ, ಒಳಗೇ ಬಾರೇ,” ಎಂದು ಅತ್ತಿಗೆ ಮಂಜುಳಮ್ಮ ಹಿಂದಿನಿಂದ ಸೆರಗು ಹಿಡಿದು ಜಗ್ಗಿದರು. ದನಿ ತಗ್ಗಿಸಿ, “ಏನೋ ಬರ್ದವ್ರೆ ಬುಡು. ಕಥೆ ತಾನೆ. ಮನಸಿಗೆ ಹಚ್ಕೋಬೇಡ,” ಎಂದರು. ಆ ಸಂಜೆ ಅತ್ತಿಗೆಯೂ ಅಲ್ಲೇ ಇದ್ದರು.

ಹಾಲಿನಲ್ಲಿ ಮೆಡಿಕಲ್ ಸ್ಟೋರಿನ ರವಿಕಿರಣ್, ಅಂಥ ಅಣ್ಣ ಇದ್ದಿದ್ದರೆ ಲೋಕದಲ್ಲಿ ಯಾವ ಹೆಣ್ಣೂ ಕಷ್ಟಪಡುತ್ತಿರಲಿಲ್ಲ ಎಂದು ಕಣ್ಣೊರೆಸಿಕೊಂಡ. ಮುಂದಿನ ಸರದಿ ಇಂಪನಾಳದು. ಪ್ರೇಮಲತಾ ಸೆರಗು ಬಿಡಿಸಿಕೊಂಡು ಮತ್ತೆ ಬಾಗಿಲಿಗೆ ಬಂದಳು.

ಇಂಪನಾ ಅವಳ ಮಗಳು. ಮಾವನ ಮನೆಯಲ್ಲಿದ್ದುಕೊಂಡೇ ಎಂ.ಎ. ಓದುತ್ತಿದ್ದಳು. ಮಾವ ಕೈಗಿಟ್ಟ ಪುಸ್ತಕಗಳನ್ನು ಓದಿ ಬೆಳೆದವಳು, ಮಾವ ಅಂದರೆ ಜೀವ. ಕುಣಿಗಲ್ಲಿನ ಆ ಸಂಜೆ ಅವಳಿಗೆ ಗೊತ್ತಿರಲಿಲ್ಲ, ಗೊತ್ತಾಗದಂತೆ ಪ್ರೇಮಲತಾಳೇ ನೋಡಿಕೊಂಡಿದ್ದಳು. ಅಪ್ಪನಂತೂ ಅಂಥವನು, ಮಗಳ ಪಾಲಿಗೆ ಮಾವನಾದರೂ ಒಳ್ಳೆಯವನಾಗಿ ಉಳಿಯಲಿ ಎಂಬ ಆಸೆ ಅವಳದು.

“ಎಲ್ರೂ ಸರಳಾ ಪಾಪ ಅಂದ್ರಿ. ನಂಗೆ ಅವಳ ಮೇಲೆ ಸಿಟ್ಟು ಬಂತು,” ಎಂದಳು ಇಂಪನಾ. “ದೇವ್ರಂಥ ಅಣ್ಣ ಪಕ್ಕದಲ್ಲೇ ಕೂತು ಊಟ ಮಾಡ್ತಿದಾನೆ. ಒಂದು ಮಾತು ಹೇಳೋಕೆ ಏನಾಗಿತ್ತು ಅವ್ಳಿಗೆ? ಮಗು ಮುಖ ಆದ್ರೂ ನೋಡ್ಬಾರ್ದಾ? ಇಂಥ ಹೆಂಗಸ್ರಿಂದ್ಲೇ ಉಳಿದ ಹೆಂಗಸ್ರಿಗೂ ಕೆಟ್ಟ ಹೆಸ್ರು.”

ಕೃಷ್ಣಕುಮಾರ್ ಒಮ್ಮೆ ಬಾಗಿಲ ಕಡೆ ನೋಡಿ, ಕೂಡಲೇ ಕಣ್ಣು ಕೆಳಗಿಳಿಸಿದರು.

“ಪ್ರೇಮಲತಾ ಅವ್ರೆ, ನೀವೂ ಓದಿದೀರಂತಲ್ಲ,” ಎಂದು ಕೂಟ ನಡೆಸುತ್ತಿದ್ದ ನಿವೃತ್ತ ಹೆಡ್‌ಮಿಸ್ಟ್ರೆಸ್ ರಂಗಲಕ್ಷ್ಮಮ್ಮ ಕರೆದರು. “ಬನ್ನಿ, ನೀವೇ ಕೊನೆಯವ್ರು. ರೂಲ್ಸು ಅಂದ್ರೆ ರೂಲ್ಸು.”

“ಅವಳಿಗೇನು ಗೊತ್ತಾಗುತ್ತೆ...” ಎಂದು ಕೃಷ್ಣಕುಮಾರ್ ಶುರುಮಾಡಿದರು.

“ಸಾರ್, ನೀವು ಮಾತಾಡೋ ಹಂಗಿಲ್ಲ!” ಎಂದು ನಾಲ್ಕೈದು ಜನ ಒಟ್ಟಿಗೆ ಕೂಗಿ ನಕ್ಕರು. ಅವರು ಬಾಯಿ ಮುಚ್ಚಿಕೊಂಡರು.

ಪ್ರೇಮಲತಾ ಜಗ್ಗನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಚೆನ್ನಾಗಿದೆ ಎಂದು ಎರಡು ಮಾತು ಹೇಳಿ ಒಳಗೆ ಹೋಗಬಹುದಿತ್ತು. ಹಾಗೆ ಹೋದರೆ ಮಗಳಿಗೆ ಮಾವ ಉಳಿಯುತ್ತಾನೆ. ಆದರೆ ತನ್ನ ಅಮ್ಮ ಬಾಯಿ ಬಿಟ್ಟು ಸಹಾಯ ಕೇಳಿದ್ದಳು ಎಂಬುದು ಅವಳಿಗೆ ಈ ಜನ್ಮದಲ್ಲಿ ಗೊತ್ತಾಗುವುದಿಲ್ಲ.

“ಭಾಷೆ ಎಲ್ಲ ಚೆನ್ನಾಗಿದೆ,” ಎಂದಳು. “ಇಂಪನಾ, ಒಂದು ಮಾತು ಹೇಳೋಕೇನು ಅಂದ್ಯಲ್ಲ, ಹೇಳಿದ್ಲು. ಎಲ್ಲಾನೂ ಹೇಳಿದ್ಲು. ರವಿಕೆ ಬಿಚ್ಚಿ ಅತ್ತಿಗೆಗೆ ಬೆನ್ನು ತೋರ್ಸಿದ್ಲು. ಅಣ್ಣ ಗೋಡೆ ಕಡೆ ತಿರುಗಿ ಕೂತಿದ್ದ. ಬೆಳಿಗ್ಗೆ ಎದ್ದು, ‘ನೀನು ಇಲ್ಲೇ ಕೂತ್ರೆ ಕಾಲೇಜಲ್ಲಿ ನಾನು ಹೆಂಗೆ ತಲೆ ಎತ್ಕೊಂಡು ಓಡಾಡ್ಲಿ, ಹೊಂದ್ಕೊಂಡು ಹೋಗು’ ಅಂದ. ಮೊದಲ್ನೇ ಬಸ್ಸಿಗೆ ಅವನೇ ಕರ್ಕೊಂಡು ಹೊರಟ. ತುಮಕೂರಲ್ಲಿ ಬಸ್ ಬದಲಾಯ್ಸುವಾಗ ಮಗೂಗೆ ಬನ್ನು ಕೊಡ್ಸಿದ. ಗುಬ್ಬೀಲಿ ಗಂಡನ ಮನೆ ಬಾಗ್ಲಿಗೆ ಬಿಟ್ಟು, ಒಂದು ಲೋಟ ಕಾಫೀನೂ ಕುಡೀದೆ ಹೋದ. ಸರಳಾ ಕೆರೆಗೆ ಬೀಳ್ಲಿಲ್ಲ. ಒಳಗೆ ಹೋಗಿ ಮುದ್ದೆಗೆ ಎಸರಿಟ್ಲು.”

ಮೊದಲು ಲಕ್ಷ್ಮೀನರಸಿಂಹಯ್ಯ ಕನ್ನಡಕ ಏರಿಸಿಕೊಂಡು ಪುಸ್ತಕ ಬಿಡಿಸಿದರು. “ಎಷ್ಟನೇ ಪುಟ ತಾಯಿ ಇದು?”

ಉಳಿದವರೂ ತಮ್ಮ ತಮ್ಮ ಪ್ರತಿ ಬಿಡಿಸಿದರು. ಹಾಲಿನ ತುಂಬ ಪುಟ ಮಗುಚುವ ಸದ್ದು. “ನಂದ್ರಲ್ಲಿ ಇಲ್ವಲ್ಲ,” ಎಂದ ರವಿಕಿರಣ್. “ಮೇಡಂ, ನಿಮ್ದ್ರಲ್ಲಿ ಇದೆಯಾ?” ರಂಗಲಕ್ಷ್ಮಮ್ಮನವರು ಹಿಂದೆ ಮುಂದೆ ಹುಡುಕಿ, ಬೈಂಡಿಂಗ್‌ನವರು ಒಂದಷ್ಟು ಹಾಳೆ ಬಿಟ್ಟಿರಬೇಕು ಎಂದರು. ಇಷ್ಟೂ ಜನ ಓದು ಬಲ್ಲವರು. ಎದುರಿಗೆ ನಿಂತವಳ ಮುಖವನ್ನು ಒಬ್ಬರಾದರೂ ನೋಡಲಿಲ್ಲ.

“ಇನ್ನು ಲೇಖಕರೇ ಹೇಳ್ಬೇಕು,” ಎಂದರು ರಂಗಲಕ್ಷ್ಮಮ್ಮ. “ಈಗ ನೀವು ಮಾತಾಡ್ಬೋದು ಸಾರ್.”

ಪ್ರೇಮಲತಾ ಅಣ್ಣನನ್ನು ನೋಡಿದಳು. ಹೌದು ಅಂದುಬಿಡಲಿ, ಅಷ್ಟೇ ಸಾಕು, ಎಲ್ಲ ಮರೆತುಬಿಡುತ್ತೇನೆ ಎಂದು ಅವಳ ಜೀವ ಹೊಡೆದುಕೊಂಡಿತು. ಕೃಷ್ಣಕುಮಾರ್ ಗಂಟಲು ಸರಿಮಾಡಿಕೊಂಡರು. ಆಮೇಲೆ ಮುಗುಳ್ನಕ್ಕರು.

“ನಮ್ಮ ಪ್ರೇಮಾ ತುಂಬ ಮುಗ್ಧೆ,” ಎಂದರು. “ಸೀರಿಯಲ್ ಜಾಸ್ತಿ ನೋಡ್ತಾಳೆ. ಅದ್ಯಾವುದ್ರದ್ದೋ ಕಥೇನ ಇದ್ರ ಜೊತೆ ಕಲಸ್ಕೊಂಡ್‌ಬಿಟ್ಟಿದಾಳೆ, ಪಾಪ.”

ಹಾಲಿಗೆ ಹಾಲೇ ನಿರಾಳವಾಗಿ ನಕ್ಕಿತು. ಲಕ್ಷ್ಮೀನರಸಿಂಹಯ್ಯ ತಮ್ಮ ಹೆಂಡತಿಯೂ ಹಾಗೆಯೇ ಎಂದರು. ಪುಸ್ತಕಗಳು ಒಂದೊಂದಾಗಿ ಮುಚ್ಚಿಕೊಂಡವು.

“ಅಮ್ಮನ ಮನೇಲಿ ಟೀವೀನೇ ಇಲ್ವಲ್ಲ ಮಾವ,” ಎಂದಳು ಇಂಪನಾ.

ಕೃಷ್ಣಕುಮಾರ್ ನೀರಿಗೆ ಕೈ ಚಾಚಿದರು. ಅಷ್ಟರಲ್ಲಿ ಮಂಜುಳಮ್ಮ ತಟ್ಟೆಗಳ ಜೊತೆ ನುಗ್ಗಿ ಬಂದು, “ಉಪ್ಪಿಟ್ಟು ಆರೋಗ್ತದೆ, ಏಳಿ ಏಳಿ,” ಎಂದರು. ಜನ ಎದ್ದರು, ಕುರ್ಚಿಗಳು ಸರಿದವು, ಯಾರೋ ಚಟ್ನಿ ಕೇಳಿದರು.

ಇಂಪನಾ ಅಡುಗೆಮನೆಗೆ ಬಂದಾಗ ಪ್ರೇಮಲತಾ ಸಿಂಕಿನ ಪಕ್ಕ ನಿಂತಿದ್ದಳು. ಮಗಳ ಕೈಯಲ್ಲಿ ಯಾರೋ ತಿಂದು ಮುಗಿಸಿದ ತಟ್ಟೆಯಿತ್ತು, ಇಡಲು ಮರೆತಂತಿತ್ತು. ಬಹಳ ಹೊತ್ತು ಅವಳು ಅಮ್ಮನ ಬೆನ್ನನ್ನೇ ನೋಡಿದಳು.

“ಬಸ್ಸಲ್ಲಿ ಆ ಮಗು ಅಳ್ಲಿಲ್ವಾ ಅಮ್ಮ?”

“ಇಲ್ಲ,” ಎಂದಳು ಪ್ರೇಮಲತಾ. “ದಾರಿ ಪೂರ್ತಿ ಮಾವನ ಹೆಗಲ ಮೇಲೆ ಮಲ್ಕೊಂಡು ಚೆನ್ನಾಗಿ ನಿದ್ದೆ ಮಾಡ್ತು.”

ಹೊರಗೆ ಜನ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳಲು ಸುತ್ತ ನೆರೆದಿದ್ದರು. ಕೃಷ್ಣಕುಮಾರ್, “ಇಂಪನಾ, ಮೇಜಿನ ಮೇಲೆ ಪೆನ್ನಿದೆ, ತಗೊಂಡ್ ಬಾಮ್ಮ,” ಎಂದು ಕೂಗಿದರು. ಸ್ವಲ್ಪ ತಡೆದು ಇನ್ನೊಂದು ಸಲ ಕೂಗಿದರು. ಇಂಪನಾ ನಲ್ಲಿ ತಿರುಗಿಸಿ, ಕೈಯಲ್ಲಿದ್ದ ತಟ್ಟೆಯನ್ನು ನೀರಿಗೊಡ್ಡಿ ಉಜ್ಜತೊಡಗಿದಳು.