ಕಯೋಟಿಗೆ ಕಾಣದ ಜಾಗ

ಕಾರಿನ ಸೀಟು ವಿನ್ಯಾಸ ಮಾಡಿ ಹೊಟ್ಟೆ ಹೊರೆಯುತ್ತಿದ್ದ ದ್ವಾರಕಾನಾಥನಿಗೆ, ಕೂರುವುದನ್ನೇ ಹೊಸದಾಗಿ ಕಲಿಯಬೇಕಾದೀತೆಂಬ ಕಲ್ಪನೆ ಇರಲಿಲ್ಲ. 2009ರ ಫೆಬ್ರವರಿ. ಅಮೆರಿಕದ ಮಿಚಿಗನ್ ರಾಜ್ಯದ ಪ್ಲಿಮತ್‌ನ ಅವನ ಆಫೀಸಿನಲ್ಲಿ ವಾರ ವಾರವೂ ಯಾರದೋ ಕ್ಯೂಬಿಕಲ್ ಖಾಲಿಯಾಗುತ್ತಿತ್ತು. ಅವನ ಗ್ರೀನ್ ಕಾರ್ಡ್ ಇನ್ನೂ ಕ್ಯೂನಲ್ಲಿತ್ತು. ಕೆಲಸ ಹೋದರೆ ಸಂಸಾರ ಸಮೇತ ಪೆಟ್ಟಿಗೆ ಕಟ್ಟಬೇಕು. ಹೀಗಿರುವಾಗ ಶನಿವಾರ ಬಾಸ್ ರಾನ್ ಫೋನ್ ಮಾಡಿ, ನಾಳೆ ಕಯೋಟಿ ಎಂಬ ಕಾಡುಪ್ರಾಣಿಯ ಬೇಟೆಗೆ ಬರುತ್ತೀಯಾ ಎಂದ. ಯಾರು ಉಳಿಯಬೇಕು, ಯಾರು ಹೋಗಬೇಕೆಂದು ಹೇಳುವವನು ಅವನೇ. ಸೊಳ್ಳೆ ಹೊಡೆದರೂ ರಾಮ ರಾಮ ಎನ್ನುವ ದ್ವಾರಕಾನಾಥ ಫೋನಿಗೇ ಹಲ್ಲು ಕಿರಿದು ಹೂಂ ಎಂದುಬಿಟ್ಟ.

"ಗನ್ ಮುಟ್ಟಬೇಡಿ," ಎಂದಳು ಹೆಂಡತಿ ಪದ್ಮಜಾ. "ಸುಮ್ನೆ ಕೂತ್ಕೊಂಡು ಬನ್ನಿ. ಅದರಲ್ಲಿ ನಿಮ್ಮನ್ನ ಮೀರಿಸೋರಿಲ್ಲ."

ಆದರೆ ಎಲ್ಲಿ ಕೂರುವುದು, ಹೇಗೆ ಕೂರುವುದು? ಸಂಜೆಯೆಲ್ಲ ಇಂಟರ್‌ನೆಟ್ ಜಾಲಾಡಿದ. ಗಾಳಿ ಎದುರಿನಿಂದ ಬೀಸುತ್ತಿರಬೇಕು, ಇಲ್ಲದಿದ್ದರೆ ನಮ್ಮ ವಾಸನೆ ಹಿಡಿದು ಪ್ರಾಣಿ ಪರಾರಿ. ದಿಬ್ಬದ ನೆತ್ತಿಯ ಮೇಲೆ ಕೂರುವವನು ಶುದ್ಧ ಪೆದ್ದ. ಆಸನ ಎತ್ತರವಾದರೆ ತಲೆ ಕಾಣುತ್ತದೆ, ತೀರಾ ತಗ್ಗಾದರೆ ಕಾಲು ಜೋಮು ಹಿಡಿದು ಮನುಷ್ಯ ಮಿಸುಕಾಡುತ್ತಾನೆ. ಇಲ್ಲಿ ಅವನೊಳಗಿನ ಎಂಜಿನಿಯರ್ ಎಚ್ಚೆತ್ತ. ಪರೀಕ್ಷೆಯಲ್ಲಿ ಪಾಸಾಗದ ಸೀಟಿನ ಸ್ಯಾಂಪಲ್ ಫೋಮನ್ನು ಕೊಯ್ದು, ಒಣಹುಲ್ಲಿನ ಬಣ್ಣದ ಬಟ್ಟೆ ಹೊಲಿದು, ಮಣೆಯಂಥದ್ದೊಂದನ್ನು ತಯಾರಿಸಿದ.

ಬೆಳಿಗ್ಗೆ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗಿನ ಚಳಿ. ಹಿಮ ಮುಚ್ಚಿದ ಹೊಲದ ಅಂಚಿನಲ್ಲಿ ಅವನು ಆರಿಸಿಕೊಂಡದ್ದು ಒಂದು ಸೀಡರ್ ಮರದ ನೆರಳನ್ನು. ಬೆನ್ನನ್ನು ಕಾಂಡಕ್ಕೊತ್ತಿ, ಮುಂದೆ ನಾಲ್ಕು ರೆಂಬೆ ಸಿಕ್ಕಿಸಿಕೊಂಡು ಕೂತ. ರಾನ್ ಸ್ವಲ್ಪ ದೂರ ಹೋಗಿ ತಿರುಗಿ ನೋಡಿ, ನೀನು ಕಾಣಿಸುತ್ತಲೇ ಇಲ್ಲ ಎಂದ. ಇಷ್ಟು ವರ್ಷಗಳಲ್ಲಿ ಆ ಬಾಯಿಂದ ಬಂದ ಮೊದಲ ಮೆಚ್ಚುಗೆ ಅದು. ದ್ವಾರಕಾನಾಥನಿಗೆ ಹಿಗ್ಗೋ ಹಿಗ್ಗು.

ರಾನ್ ಆಚೆ ಪೊದೆಯ ಹಿಂದೆ ಕೂತು ಒಂದು ಯಂತ್ರದ ಗುಂಡಿ ಒತ್ತಿದ. ಕಯೋಟಿಯನ್ನು ಸೆಳೆಯಲು ಗಾಯಗೊಂಡ ಮೊಲದ ಹಾಗೆ ಅದು ಕಿರುಚತೊಡಗಿತು. ದ್ವಾರಕಾನಾಥ ಮನಸ್ಸಿನಲ್ಲೇ ರಾಮ ರಾಮ ಎಂದ, ಆದರೂ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಕಯೋಟಿ ಬಂತು. ನರಿಗಿಂತ ದೊಡ್ಡದು, ತೋಳಕ್ಕಿಂತ ಬಡಕಲು. ನೇರ ಸೀಡರಿನ ಕಡೆಗೇ ಬಂತು. ರಾನ್‌ಗೆ ಗುರಿಯಿಡಲು ಪೊದೆ ಅಡ್ಡವಾಯಿತು. ಅವನು ಮೊಣಕಾಲೂರಿ ತೆವಳುತ್ತ ದ್ವಾರಕಾನಾಥನ ಬಳಿಗೆ ಬಂದ.

ದ್ವಾರಕಾನಾಥ ದಡಕ್ಕನೆ ಎದ್ದು ನಿಂತ. ಮಣೆಯ ಮೇಲಿನ ಹಿಮ ಕೊಡವಿ, "ಕೂತ್ಕೊಳ್ಳಿ ರಾನ್," ಎಂದ.

ಅಮೆರಿಕಕ್ಕೆ ಬಂದು ಅವನ ಬಾಯಿ ಬಾಸನ್ನು ಹೆಸರು ಹಿಡಿದು ಕರೆಯಲು ಕಲಿತಿತ್ತು, ಕಾಲು ಕಲಿತಿರಲಿಲ್ಲ. ಹಿರಿಯರು ಬಂದಾಗ ಕೂತಿರಬಾರದೆಂದು ಮೈಸೂರಿನಲ್ಲಿ ಅಜ್ಜ ಬಾರಿಸಿ ಕಲಿಸಿದ ಪಾಠ ಅದು. ಕಯೋಟಿ ಇಬ್ಬರನ್ನೂ ಒಮ್ಮೆ ನೋಡಿ ಮಾಯವಾಯಿತು. ಅದರ ಹಿಂದೆಯೇ ತನ್ನ ಕೆಲಸವೂ ಓಡಿದ್ದನ್ನು ದ್ವಾರಕಾನಾಥ ಕಣ್ಣಾರೆ ಕಂಡ.

"ಯಾಕೆ ಎದ್ದೆ?" ರಾನ್ ಕೇಳಿದ.

"ನೀವು ಬಂದ್ರಲ್ಲ."

ರಾನ್ ಹಿಮದಲ್ಲಿ ಮೊಣಕಾಲೂರಿಯೇ ಇದ್ದ. ಗನ್ನಿನ ಗುಂಡು ತೆಗೆದು ಜೇಬಿಗೆ ಹಾಕಿಕೊಂಡ. "ಶುಕ್ರವಾರ ನನ್ನನ್ನೇ ತೆಗೆದುಹಾಕಿದರು," ಎಂದ. "ರೂಮಿನ ತುಂಬ ಜನ ಇದ್ದರು. ನಾನು ಹೊರಡುವಾಗ ಒಬ್ಬನೂ ಕುರ್ಚಿ ಬಿಟ್ಟು ಏಳಲಿಲ್ಲ."

ಥೂ, ಈ ಕೆಲಸವಿಲ್ಲದವನಿಗಾಗಿ ಚಳಿಯಲ್ಲಿ ಸತ್ತೆನಲ್ಲ ಎಂಬುದೇ ದ್ವಾರಕಾನಾಥನ ತಲೆಗೆ ಮೊದಲು ಬಂದದ್ದು. ಹಾಗಾದರೆ ನನ್ನ ಗತಿ ಏನೆಂದು ಕೇಳಿಯೂಬಿಟ್ಟ. ನಿನ್ನನ್ನು ಉಳಿಸಿಕೊಳ್ಳಿ ಎಂದು ಹೇಳಿ ಬಂದಿದ್ದೇನೆ, ಆದರೆ ಹೋಗುವವನ ಮಾತು ಯಾರು ಕೇಳುತ್ತಾರೆ ಎಂದ ರಾನ್. ಮನೆಯಲ್ಲಿ ಇನ್ನೂ ಹೇಳಿಲ್ಲ, ಒಬ್ಬನೇ ಕೂರಲು ಆಗಲಿಲ್ಲ ಎಂದೂ ಸೇರಿಸಿದ.

ದ್ವಾರಕಾನಾಥನಿಗೆ ನಾಚಿಕೆಯಾಯಿತು. ಇನ್ನು ಈ ಮನುಷ್ಯನಿಂದ ಆಗಬೇಕಾದ್ದು ಏನೂ ಇರಲಿಲ್ಲ. ಆದರೂ ಅವನ ರಟ್ಟೆ ಹಿಡಿದೆಬ್ಬಿಸಿ ಮಣೆಯ ಮೇಲೆ ಕೂರಿಸಿದ. ತಾನು ಮಿಚಿಗನ್ನಿನ ಕಯೋಟಿಗಳಿಗೆಲ್ಲ ಕಾಣುವಂತೆ ಪಕ್ಕದಲ್ಲಿ ನಿಂತುಕೊಂಡ.