ಮುಖಕ್ಕಲ್ಲದ ಕನ್ನಡಿ

ಸಕೀನಾಬೀ ಒಬ್ಬ ಮನುಷ್ಯನ ಮೊಣಕಾಲು ಉಳಿಸಿದಳು. ಆಕೆ ಡಾಕ್ಟರ್ ಅಲ್ಲ, ನರ್ಸ್ ಅಲ್ಲ. ಸಿಂಧನೂರಿನ ಒಂದು ಅಕ್ಕಿ ಮಿಲ್ಲಿನ ಕಣದಲ್ಲಿ ಒಣಹಾಕಿದ ಭತ್ತ ಕಾಯುವ ಹೆಂಗಸು. ಮಾಡಿದ್ದನ್ನು ಆಕೆ ಯಾರ ಮುಂದೆಯೂ ಹೇಳಿಕೊಳ್ಳುವುದಿಲ್ಲ. ಉಳಿದ ಮೊಣಕಾಲು ನಮ್ಮ ಅಕ್ಕನ ಗಂಡನದು. ಹೇಳಬೇಕಾದವನು ನಾನು, ಅದಕ್ಕೆ ಬರೆಯುತ್ತಿದ್ದೇನೆ.

ಆಕೆಯನ್ನು ಮೊದಲ ಸಲ ನೋಡುವವರಿಗೆ ಎದ್ದು ಕಾಣುವುದು ಬಾಗಿಲು ದಾಟುವ ರೀತಿ. ಬಾಗಿಲು ಎಷ್ಟೇ ಅಗಲ ಇರಲಿ, ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತು, ಓರೆಯಾಗಿ, ಬಲಭುಜ ಮುಂದೆ ಮಾಡಿ ಒಳಗೆ ಬರುತ್ತಾಳೆ. ಎಡಗೈ ಚೌಕಟ್ಟಿಗೆ ತಾಗಬಾರದು ಎಂದು. ಆ ಎಡಗೈ ಮೊಣಕೈಯಿಂದ ಕೆಳಗೆ ಇಲ್ಲ. ಒಂಬತ್ತು ವರ್ಷದ ಹಿಂದೆ ಬೇರೊಂದು ಮಿಲ್ಲಿನ ಬೆಲ್ಟಿಗೆ ಸಿಕ್ಕು ಹೋಯಿತು. ಬಸ್ಸಿನಲ್ಲಿ ಕೂತರೂ ಎಡಮಗ್ಗುಲಲ್ಲಿ ಒಂದು ಗೇಣು ಜಾಗ ಬಿಟ್ಟೇ ಕೂರುತ್ತಾಳೆ. ಯಾರಾದರೂ ಒತ್ತಿ ಕೂತರೆ, "ಯವ್ವಾ, ಕೈ ಮ್ಯಾಲೆ ಕುಂತಿ, ಏಳು" ಎನ್ನುತ್ತಾಳೆ. ಕೂತವರು ಕೆಳಗೆ ನೋಡುತ್ತಾರೆ, ಏನೂ ಕಾಣದೆ ಗಾಬರಿಯಾಗಿ ಏಳುತ್ತಾರೆ.

ಇನ್ನೊಂದು ಆಕೆಯ ಅಂಗಿ. ಗದ್ದೆ ಕೆಲಸದ ಹೆಂಗಸರಂತೆ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕುತ್ತಾಳೆ. ಬಲಗೈಯ ತೋಳು ಯಾವಾಗಲೂ ಬಿಚ್ಚಿ ಜೋಲಾಡುತ್ತಿರುತ್ತದೆ, ಖಾಲಿ ಎಡತೋಳಿನ ತುದಿಗೆ ಮಾತ್ರ ನೀಟಾಗಿ ಗುಂಡಿ ಹಾಕಿರುತ್ತಾಳೆ. ಜನ ನಗುತ್ತಾರೆ. ನಾನೂ ಬಹಳ ದಿನ ಅದನ್ನು ಹುಚ್ಚು ಅಂದುಕೊಂಡಿದ್ದೆ. ಆಮೇಲೆ ಹೊಳೆಯಿತು. ಇರುವ ಕೈ ಖಾಲಿ ತೋಳಿಗೆ ಗುಂಡಿ ಹಾಕಬಲ್ಲದು, ತನಗೆ ತಾನು ಹಾಕಿಕೊಳ್ಳಲಾರದು. ಅಷ್ಟೇ.

ಮಸ್ಕಿಯಲ್ಲಿ ನನ್ನದು ಗಾಜು ಕತ್ತರಿಸುವ, ಫೋಟೋಕ್ಕೆ ಕಟ್ಟು ಹಾಕುವ ಅಂಗಡಿ. ಒಂದು ಸೋಮವಾರ ಆಕೆ ಬಂದು ಗೋಡೆಗೆ ಒರಗಿಸಿದ ಕನ್ನಡಿಗಳನ್ನು ಒಂದೊಂದಾಗಿ ನೋಡಿದಳು. ಮುಖ ನೋಡಲಿಲ್ಲ. ಬಲಗೈಯನ್ನು ಕನ್ನಡಿಯ ಮುಂದೆ ಹಿಡಿದು, ಬೆರಳುಗಳನ್ನು ನಿಧಾನವಾಗಿ ಅಂಚಿನಿಂದ ಅಂಚಿಗೆ ಸರಿಸಿದಳು.

"ಇದು ಬ್ಯಾಡ. ಬೆರಳು ಸೊಟ್ಟ ಮಾಡತೈತಿ" ಎಂದಳು.

"ಮುಖ ಚಂದ ಕಾಣತೈತಿ ನೋಡ್ರಿ" ಎಂದೆ.

"ಈ ವಯಸ್ಸಿನ್ಯಾಗ ಮುಖ ಕಟ್ಕೊಂಡು ಏನ್ ಮಾಡ್ಲೋ ತಮ್ಮಾ. ನನಗ ಕೈ ಬೇಕು, ಕಾಲು ಬೇಕು. ಸುಳ್ಳು ಹೇಳದ ಕನ್ನಡಿ ಕೊಡು."

ನಾಲ್ಕನೆಯದನ್ನು ಒಪ್ಪಿದಳು. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ. ಕಟ್ಟಿಗೆಯ ಚೌಕಟ್ಟು ಹಾಕಿಸಿ, ಗೋಣಿಚೀಲದಲ್ಲಿ ಸುತ್ತಿಸಿ, ಪಟ್ಟಿ ಬಿಗಿಸಿಕೊಂಡು ಬೆನ್ನಿಗೆ ಏರಿಸಿದಳು. ಭಾರ ಹೊತ್ತವರು ಮುಂದೆ ಬಾಗುತ್ತಾರೆ. ಆಕೆ ಬಲಕ್ಕೆ ಸ್ವಲ್ಪ ವಾಲಿ, ಎದೆ ಎತ್ತಿ, ತುಂಬಿದ ಕೊಡ ಹೊತ್ತವಳ ಹಾಗೆ ಸಣ್ಣ ಹೆಜ್ಜೆ ಇಟ್ಟು ನಡೆಯುತ್ತಾಳೆ. ಕನ್ನಡಿ ಯಾಕೆ ಎಂದು ಕೇಳಿದೆ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೇಳಿದಳು.

ಕೈ ಹೋದ ಮೇಲೆ ಇಲ್ಲದ ಕೈಯಲ್ಲಿ ನೋವು ಶುರುವಾಯಿತಂತೆ. ಮನೆಯವರು ನಂಬಲಿಲ್ಲ. ದೂರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಇಂಥವರ ಮೇಲೆ ಸಂಶೋಧನೆ ನಡೆಯುತ್ತಿತ್ತು, ಅಲ್ಲಿಗೆ ಯಾರೋ ಕಳಿಸಿದರು. ಕೈಯೋ ಕಾಲೋ ಕಳೆದುಕೊಂಡ ಹತ್ತೊಂಬತ್ತು ಮಂದಿ. ಆರು ವಾರ. ಉಳಿದ ಕೈಯ ಪಕ್ಕದಲ್ಲಿ ಕನ್ನಡಿ ನಿಲ್ಲಿಸಿದರೆ ಅದರೊಳಗೆ ಹೋದ ಕೈ ಕಾಣುತ್ತದೆ. ಅದನ್ನು ನೋಡುತ್ತ ದಿನಕ್ಕೆ ಅರ್ಧ ತಾಸು ಬೆರಳು ಬಿಚ್ಚಬೇಕು, ಮಡಚಬೇಕು. ಇದಕ್ಕೆ ಕಾರಣವನ್ನು ಆಕೆ ಕಾಲುವೆ ನಾಡಿನವಳ ಹಾಗೆ ಹೇಳುತ್ತಾಳೆ:

"ಕಾಲುವಿ ಕೊನಿ ಹೊಲ ಕೊಚ್ಚಿ ಹೋಗೈತಿ ಅಂತ ತಿಳಿ. ಮ್ಯಾಲಿನ ಗೇಟಿನವಗ ಗೊತ್ತಿಲ್ಲ. ಅಂವ ದಿನಾ ಗೇಟ್ ಎತ್ತತಾನ, ನೀರು ಮುಟ್ಟಿತಿಲ್ಲೋ ಅಂತ ಒದರತಾನ, ಉತ್ತರ ಇಲ್ಲ. ಮತ್ತ ಜೋರ್ ಒದರತಾನ. ಆ ಒದರೋದೇ ನೋವು. ನೋವು ಖರೇನ ಐತಿ. ಹೊಲದಾಗಿಲ್ಲ, ಗೇಟಿನ ಹಂತ್ಯಾಕ, ತಲ್ಯಾಗ ಐತಿ. ಕನ್ನಡಿ ಅಂವಗ ಉತ್ತರ ತೋರಸತೈತಿ."

ಮಿಲ್ಲಿಗೆ ರಜೆ ಇರುವ ಸೋಮವಾರ ಇಂಥ ನೋವಿನವರು ಇದ್ದಲ್ಲಿಗೆ ಕನ್ನಡಿ ಹೊತ್ತು ಹೋಗುತ್ತಾಳಂತೆ. ನನಗೆ ನಮ್ಮ ಭಾವ ಗದ್ದೆಪ್ಪ ನೆನಪಾದ.

ಗದ್ದೆಪ್ಪನ ಊರು ಸಿಂಧನೂರಿನ ದಾರಿಯಲ್ಲಿ, ಕಾಲುವೆಯ ದಂಡೆಯಲ್ಲಿದೆ. ಹದಿನೆಂಟು ತಿಂಗಳ ಹಿಂದೆ ಕೆಸರು ಗದ್ದೆಯಲ್ಲಿ ಟ್ರ್ಯಾಕ್ಟರಿನ ರೋಟಾವೇಟರಿಗೆ ಸಿಕ್ಕು ಎಡಗಾಲು ಹೋಯಿತು. ಮೊಣಕಾಲು ಉಳಿಯಿತು, ಅದರ ಕೆಳಗೆ ಒಂದು ಗೇಣು. ಕತ್ತರಿಸಿದ ಕಾಲನ್ನು ಧೋತರದಲ್ಲಿ ಸುತ್ತಿ ಗದ್ದೆಯ ಬದುವಿನಲ್ಲೇ ಹುಗಿದಿದ್ದರು. ಅಂದಿನಿಂದ, ಕಾಲುವೆಗೆ ನೀರು ಬಿಟ್ಟ ಪಾಳಿಯ ದಿನ ಗದ್ದೆಪ್ಪ ಮಂಚದ ಮೇಲೆ ಹೊರಳಾಡುತ್ತಿದ್ದ. "ಕಾಲು ತೋಯಾಕತ್ತೈತಿ" ಎನ್ನುತ್ತಿದ್ದ. ಬಾಕಿ ದಿನಗಳಲ್ಲೂ ನೋವು ಇತ್ತು, ಪಾಳಿಯ ದಿನ ತಡೆಯಲಾಗುತ್ತಿರಲಿಲ್ಲ. ಕೊನೆಗೆ ಅವನೇ ತೀರ್ಮಾನ ಮಾಡಿದ್ದ: ಮೊಣಕಾಲಿನ ಮೇಲೆ ಇನ್ನೊಮ್ಮೆ ಕಡಿಸುವುದು. ದೂರದ ಊರಿನ ಡಾಕ್ಟರ್ ಒಬ್ಬರಲ್ಲಿ ದಸರಾ ಮುಗಿದ ವಾರಕ್ಕೆ ದಿನವೂ ನಿಗದಿಯಾಗಿತ್ತು.

ಮುಂದಿನ ಸೋಮವಾರ ಸಕೀನಾಬೀಯನ್ನು ಕರೆದುಕೊಂಡು ಹೋದೆ. ಜಗುಲಿಯ ಮೇಲೆ ನೆರೆಮನೆಯ ಕರಿಬಸಯ್ಯ ಕೂತಿದ್ದ. ಊರಿನಲ್ಲಿ ಎಲ್ಲಕ್ಕೂ ಮಾತು ಹೇಳುವ ಹಿರಿಯ. ಗೋಣಿಯಿಂದ ಕನ್ನಡಿ ಹೊರಬಂದದ್ದೇ ಶುರು ಮಾಡಿದ.

"ಏನ್ ಯಮನವ್ವಾ, ನಿನ್ನ ಗಂಡಗ ಹೆಣ್ಣು ತೋರ್ಸಾಕ ಬಂದಾರೇನು? ಕನ್ನಡಿ, ಬಾಚಣಿಕಿ ಎಲ್ಲಾ ತಂದಾರಲ್ಲ!"

"ನಿನಗೂ ತೋರಸ್ತೀನಿ ತಡಿಯೋ ಅಜ್ಜಾ. ಮೊದಲ ಹಲ್ಲು ಕಟ್ಟಿಸ್ಕೊಂಡು ಬಾ" ಎಂದಳು ಸಕೀನಾಬೀ.

ನಮ್ಮ ಅಕ್ಕ ಯಮನಮ್ಮ ನಗಲಿಲ್ಲ. ಆಕೆಗೆ ನಗು ನಿಂತು ಬಹಳ ದಿನವಾಗಿತ್ತು.

ಸಕೀನಾಬೀ ಗದ್ದೆಪ್ಪನ ಮುಂದೆ ಕೂತು, "ಕಾಲು ಎಲ್ಲೈತಿ?" ಎಂದು ಕೇಳಿದಳು. ಅವನು ಕಾಲುವೆಯ ಕಡೆ ಬೆರಳು ತೋರಿಸಿದ.

"ಅದಲ್ಲಪ. ನಿನಗ ಎಲ್ಲೈತಿ ಅನಸತೈತಿ? ಚಾಚೈತೋ, ಮಡಚೈತೋ?"

ಇದನ್ನು ಯಾರೂ ಅವನಿಗೆ ಕೇಳಿರಲಿಲ್ಲ.

"ಬೆರಳು ಒಳಗ ಮಡಚ್ಯಾವ ಅಕ್ಕಾ. ಕೆಸರಾಗ ನಟ್ಟಂಗ. ಬಿಚ್ಚಾಕ ಬರವಲ್ವು. ನೀರು ಬಂದ ದಿನ ಥಂಡಿ ಏರಿ ಹಿಂಡತೈತಿ."

ಆಕೆ ಕನ್ನಡಿಯ ವಿಷಯ ಹೇಳಿದಳು. ಅವನು ಪೂರ್ತಿ ಕೇಳಿ, ಆಕೆಯ ಖಾಲಿ ತೋಳು ನೋಡಿ ಕೇಳಿದ:

"ನಿನಗ ಹೋತೇನು ನೋವು?"

"ಇಲ್ಲ."

"ಏನಂದಿ?"

"ನನಗ ಹತ್ತಲಿಲ್ಲಪ. ಇವತ್ತಿಗೂ ಮುಷ್ಟಿ ಬಿಗದೇ ಐತಿ. ಉಗುರು ಅಂಗೈಗೆ ನಟ್ಟಾವ."

ಗದ್ದೆಪ್ಪನಿಗೆ ಸಿಟ್ಟು ಬಂತು. "ನಿನಗ ಹತ್ತದ ಮದ್ದು ನನಗ್ಯಾಕ ಹೊತ್ಕೊಂಡು ಬಂದಿ? ಏ ಹುಲಿಗೇಶ, ಕರ್ಕೊಂಡು ನಡಿ ಇಕಿನ್ನ" ಎಂದು ನನ್ನ ಕಡೆ ತಿರುಗಿದ.

ಆಕೆ ಏಳಲಿಲ್ಲ. "ಹತ್ತೊಂಬತ್ತು ಮಂದಿ ಕುಂತಿದ್ವಿ. ಹನ್ನೊಂದು ಮಂದಿಗೆ ಹತ್ತಿತು. ಎಂಟು ಮಂದಿಗೆ ಇಲ್ಲ, ಅದ್ರಾಗ ನಾನೊಬ್ಬಾಕಿ. ನೀ ಯಾವ ಸಾಲಿನ್ಯಾಂವ ಅಂತ ನನಗೇನು ಗೊತ್ತು? ನಮ್ಮ ಜೋಡಿ ಒಬ್ಬಂವ ಎರಡು ಸಲ ಕಡಿಸ್ಕೊಂಡು ಬಂದಿದ್ದ. ಕಾಲು ಗಿಡ್ಡ ಆಗಿತ್ತು, ನೋವು ಗಿಡ್ಡ ಆಗಿದ್ದಿಲ್ಲ. ಮೊಣಕಾಲು ಇದ್ರ ನಾಳಿ ಕಟ್ಟಿಗಿ ಕಾಲು ಹಾಕ್ಕೊಂಡು ನಡೀತಿ. ಅದೂ ಹೋದ್ರ ನಡಿಯೋದು ಭಾಳ ತ್ರಾಸ."

ಆಗ ಕರಿಬಸಯ್ಯ ನಡುವೆ ಬಾಯಿ ಹಾಕಿದ. "ಕಡಿಯೋದೂ ಬ್ಯಾಡ, ಕನ್ನಡೀನೂ ಬ್ಯಾಡ. ಕಾಲುವಿ ಬದುವಿನ್ಯಾಗ ಹುಗದ್ರ ಮತ್ತೇನಾಗತೈತಿ? ಅದು ಅಲ್ಲಿ ತೋಯತೈತಿ, ಇಂವ ಇಲ್ಲಿ ನರಳತಾನ. ತಗದು ಒಣಾ ನೆಲದಾಗ ಇಡ್ರಿ."

ಸಕೀನಾಬೀ ಇದಕ್ಕೆ ನಗುತ್ತಾಳೆ ಅಂದುಕೊಂಡೆ. ಆಕೆ ನಗಲಿಲ್ಲ. ಒಂದು ಕ್ಷಣ ಯೋಚಿಸಿ, "ಅಜ್ಜ ಅಂದಂಗ ಮಾಡ್ರಿ. ಒಂದು ಪಾಳಿ ನೋಡೂನು. ನೋವು ಹೋತೋ, ನಾ ಕನ್ನಡಿ ಒಡದು ಹಾಕ್ತೀನಿ. ಹೋಗಲಿಲ್ಲೋ, ಆರು ವಾರ ನನ್ನ ಮಾತು ಕೇಳಬೇಕು. ಅಲ್ಲೀತನಾ ಮೊಣಕಾಲು ಮುಟ್ಟಂಗಿಲ್ಲ. ಹೂಂ ಅಂತಿ?" ಎಂದಳು.

ಗದ್ದೆಪ್ಪ ಹೂಂ ಎಂದ.

ಬದು ಅಗೆದೆವು. ಎಲುಬು ಮಾತ್ರ ಉಳಿದಿತ್ತು. ಹೊಸ ಬಟ್ಟೆಯಲ್ಲಿ ಕಟ್ಟಿ, ಬೈಕಿನ ಮೇಲೆ, ಮಸ್ಕಿ ದಾಟಿ ಲಿಂಗಸುಗೂರಿನ ಆಚೆ ಅಕ್ಕನ ತವರಿನ ಹೊಲಕ್ಕೆ ನಾನೇ ಒಯ್ದೆ. ಅದು ಕಲ್ಲು ನೆಲ, ಕಾಲುವೆ ಹತ್ತದ ಜಾಗ. ಬೇವಿನ ಗಿಡದ ಬುಡದಲ್ಲಿ ಆಳ ತೋಡಿ ಇಟ್ಟು, ಊದುಬತ್ತಿ ಹಚ್ಚಿ ಬಂದೆ. ಗದ್ದೆಪ್ಪನಿಗೆ ಸಮಾಧಾನವಾಯಿತು. ಮೂರು ದಿನ ಚೆನ್ನಾಗಿ ಊಟ ಮಾಡಿದನಂತೆ.

ಹನ್ನೊಂದನೆಯ ದಿನ ಪಾಳಿ ಬಂತು. ಕಾಲುವೆಯಲ್ಲಿ ನೀರು ಬಂದ ಸದ್ದಾಯಿತು. ಗದ್ದೆಪ್ಪ ತೊಡೆ ಹಿಡಿದುಕೊಂಡು ಕೂಗಿದ: "ತೋಯಾಕತ್ತೈತಿ ಯಮನೀ, ತೋಯಾಕತ್ತೈತಿ!"

"ಅದು ಲಿಂಗಸೂರಾಗ ಐತಲ್ರೀ!" ಎಂದಳು ಅಕ್ಕ.

ಅವನ ಕೂಗು ಅರ್ಧಕ್ಕೆ ನಿಂತಿತಂತೆ. ನೋವು ನಿಲ್ಲಲಿಲ್ಲ. ಆದರೆ ಬಹಳ ಹೊತ್ತು ಹೆಂಡತಿಯ ಮುಖವನ್ನೇ ನೋಡುತ್ತ ಕೂತ.

ಸೋಮವಾರ ಸಕೀನಾಬೀ ಬಂದಳು. ಗೆದ್ದವಳ ಮುಖ ಇರಲಿಲ್ಲ. "ನೋಡಪ ಗದ್ದೆಪ್ಪ, ನಿನ್ನ ಕಾಲಿಗೆ ಖಬರ ಸಿಕ್ಕೈತಿ. ನಿನ್ನ ತಲಿಗಿನ್ನಾ ಖಬರ ಸಿಕ್ಕಿಲ್ಲ" ಎಂದಳು. ನಮ್ಮ ಬಾಯಲ್ಲಿ ಗೋರಿಗೂ ಖಬರ, ಸುದ್ದಿಗೂ ಖಬರ. ಮೊದಲು ನಕ್ಕವನು ಕರಿಬಸಯ್ಯ. ಆಮೇಲೆ ಗದ್ದೆಪ್ಪ. "ಹಂಗಾರ ಖಬರ ಮುಟ್ಟಿಸವ್ವಾ" ಎಂದು ತಾನೇ ಕಾಲು ಚಾಚಿದ.

ಕನ್ನಡಿಯನ್ನು ಎರಡು ತೊಡೆಗಳ ನಡುವೆ, ಬಲಗಾಲಿಗೆ ಮುಖ ಮಾಡಿ ನಿಲ್ಲಿಸಿದಳು. ಬಲಗಾಲು ಕನ್ನಡಿಯಲ್ಲಿ ಎಡಗಾಲಾಗಿ ಕಂಡಿತು. ಗದ್ದೆಪ್ಪ ಬಾಗಿ ನೋಡಿದ. ಅವನು ಏನಾದರೂ ದೊಡ್ಡ ಮಾತು ಹೇಳುತ್ತಾನೆ ಎಂದು ನಾವೆಲ್ಲ ಕಾದೆವು.

"ಉಗುರು ಭಾಳ ಬೆಳದಾವಲ್ಲ" ಎಂದ.

ಯಮನಮ್ಮ ಒಳಗಿಂದ ಬ್ಲೇಡು ತಂದು ಬಲಗಾಲಿನ ಉಗುರು ತೆಗೆಯಲು ಕೂತಳು. ಅವನು ಕನ್ನಡಿಯಿಂದ ಕಣ್ಣು ಕೀಳಲಿಲ್ಲ. ಹೆಬ್ಬೆರಳು ಮುಗಿಯಿತು, ಎರಡನೆಯದು, ಮೂರನೆಯದು. ನಾಲ್ಕನೆಯದಕ್ಕೆ ಬರುವಾಗ ಅವನ ಹೆಗಲು ಕೆಳಗೆ ಇಳಿದದ್ದನ್ನು ನಾನು ನೋಡಿದೆ.

"ಬಿಚ್ಚಾಕತ್ತ್ಯಾವ" ಎಂದ. "ಎಡಗಾಲಿನವು. ಸಣ್ಣಗ ಬಿಚ್ಚಾಕತ್ತ್ಯಾವ. ನಿಲ್ಲಿಸಬ್ಯಾಡ, ಯಮನೀ."

ಸಕೀನಾಬೀ ಗೋಡೆಯ ಕಡೆ ತಿರುಗಿ ಕೂತಿದ್ದಳು.

ಎಲ್ಲ ಮುಗಿದ ಮೇಲೆ ಅಕ್ಕ ಬ್ಲೇಡು ಹಿಡಿದುಕೊಂಡೇ ಆಕೆಯ ಹತ್ತಿರ ಹೋದಳು. "ಬಾ ಯಕ್ಕಾ, ನಿನ್ನ ಕೈನೂ ಇಡು. ನಿನ್ನ ಉಗುರು ಯಾರು ತಗೀತಾರ?" ಸಕೀನಾಬೀ ಬೇಡ ಎಂದಳು, ಆಮೇಲೆ ಕೈ ಕೊಟ್ಟಳು. ಕನ್ನಡಿಯನ್ನು ನಾನು ಹಿಡಿದೆ. ಅಕ್ಕ ಒಂದೊಂದೇ ಉಗುರು ತೆಗೆದಳು. ಸಕೀನಾಬೀ ಕನ್ನಡಿಯೊಳಗಿನ ಎಡಗೈ ನೋಡುತ್ತಿದ್ದಳು.

"ಮುಷ್ಟಿ ಬಿಚ್ಚಿತೇನಕ್ಕಾ?" ಎಂದು ಕೇಳಿದ ಗದ್ದೆಪ್ಪ.

"ಇಲ್ಲೋ. ಆದ್ರ ಉಗುರಾದ್ರೂ ಸಣ್ಣ ಆದ್ವು" ಎಂದು ನಕ್ಕಳು.

ದಸರಾ ಮುಗಿದ ವಾರ ಗದ್ದೆಪ್ಪ ಡಾಕ್ಟರ ಹತ್ತಿರ ಹೋಗಲಿಲ್ಲ. ನೋವು ಪೂರ್ತಿ ಹೋಗಿಲ್ಲ. ಮೊದಲು ಎದ್ದಾಗಿನಿಂದ ಮಲಗುವವರೆಗೆ ಇರುತ್ತಿತ್ತು, ಈಗ ವಾರಕ್ಕೆ ಒಂದೆರಡು ಸಲ ಬರುತ್ತದೆ. ಬಂದಾಗ, ನನ್ನ ಅಂಗಡಿಯಿಂದ ಕೊಟ್ಟ ಕನ್ನಡಿಯನ್ನು ಅಕ್ಕನ ಹತ್ತಿರ ಕೇಳುತ್ತಾನೆ. ಬೇಸಿಗೆಗೆ ಮುಂಚೆ ಕೃತಕ ಕಾಲು ಹಾಕಿಸಿಕೊಂಡ. ಮೊಣಕಾಲು ಮಡಚಿ ಬದು ಹತ್ತುತ್ತಾನೆ.

ಎಲ್ಲರಿಗೂ ಹೀಗಾಗಿಲ್ಲ. ಲಿಂಗಸುಗೂರಿನಲ್ಲಿ ಅಲ್ಲಾಭಕ್ಷ್ ಎಂಬ, ಕಾಲು ಕಳೆದುಕೊಂಡ ಲಾರಿ ಡ್ರೈವರ್‌ಗೆ ಮೂರು ತಿಂಗಳಾದರೂ ಕನ್ನಡಿ ಹತ್ತಲಿಲ್ಲ. ಆದರೂ ಸಕೀನಾಬೀ ತಿಂಗಳಿಗೊಮ್ಮೆ ಅವನ ಮನೆಗೆ ಹೋಗುತ್ತಾಳೆ. ಕನ್ನಡಿ ಗೋಣಿಯಿಂದ ಹೊರಗೆ ಬರುವುದಿಲ್ಲ. ಇಬ್ಬರೂ ಚಹಾ ಕುಡಿದು, ಈ ತಿಂಗಳು ಯಾರ ನೋವು ಹೆಚ್ಚು ಎಂದು ಜಗಳವಾಡುತ್ತಾರೆ.

ಇಷ್ಟು ದಿನ ನೋಡಿ ನನಗೆ ತಿಳಿದದ್ದು ಒಂದೇ. ನೋವು ಹೋದವರು ಅದನ್ನು ಮರೆಯುತ್ತಾರೆ, ಮರೆಯಲೇಬೇಕು, ಅದು ತಪ್ಪಲ್ಲ. ಆಸ್ಪತ್ರೆಯಲ್ಲಿ ಗುಣವಾದ ಆ ಹನ್ನೊಂದು ಮಂದಿಯಲ್ಲಿ ಯಾರೂ ಬೆನ್ನ ಮೇಲೆ ಕನ್ನಡಿ ಹೊತ್ತ ಸುದ್ದಿ ನಾನು ಕೇಳಿಲ್ಲ. ಇನ್ನೊಬ್ಬರ ನೋವನ್ನು ಕೇಳಿದ ಕೂಡಲೇ ನಂಬುವವರು ಬೇರೆಯೇ ತರಹದ ಜನ. ಅವರ ನೋವು ಇನ್ನೂ ಅವರ ಹತ್ತಿರವೇ ಇರುತ್ತದೆ. ಅಂಥವರು ಗುಣವಾಗುತ್ತದೆ ಎಂದು ಮಾತು ಕೊಡುವುದಿಲ್ಲ. ಬಂದು ಕೂರುತ್ತಾರೆ.

ಸಿಂಧನೂರಿಗೆ ಹೋದರೆ ಸಕೀನಾಬೀಯನ್ನು ನೋಡಿ ಬನ್ನಿ. ಮಿಲ್ಲುಗಳ ಸಾಲಿನಲ್ಲಿ ಯಾರನ್ನು ಕೇಳಿದರೂ ಕನ್ನಡಿ ಬೀ ಎಂದರೆ ದಾರಿ ತೋರಿಸುತ್ತಾರೆ. ಸೋಮವಾರ ಬಿಟ್ಟು ಹೋಗಿ. ಆಕೆ ನಿಮ್ಮನ್ನು, ಎಲ್ಲಿ ನೋಯುತ್ತದೆ ಎಂದು ಕೇಳುತ್ತಾಳೆ. ಅದಕ್ಕೆ ಮುಂಚೆ ನೀವು ಆಕೆಯನ್ನು ಕೇಳಿ. ಹೇಳಲು ಹೊತ್ತು ಹಿಡಿಯುತ್ತದೆ. ಎಡಗಡೆ ಒಂದು ಗೇಣು ಜಾಗ ಬಿಟ್ಟು, ಕೂತು ಕೇಳಿ.